ಮೂರನೆಯ ದಿನದ ವಿಧವೆ

ಸಭೆಯಲ್ಲಿ ನಾನು ಮಾಡಿದ ನಾಲ್ಕು ಉಪನ್ಯಾಸಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಗ ಗಂಡ ತೀರಿಕೊಂಡು ಐದು ತಿಂಗಳು. ದಿಮ್ಮಿ ಹೇರಿದ ಲಾರಿಯೊಂದರ ಸರಪಳಿ ಕಳಚಿತ್ತು. ಅವನು ಅದರ ಹಿಂದೆಯೇ ಸ್ಕೂಟರಿನಲ್ಲಿ ಬರುತ್ತಿದ್ದ. ಮರ ನಮ್ಮ ಅಂಗಡಿಗೇ ಬರುತ್ತಿದ್ದದ್ದು. ಮಾವ ಬಡಗಿ, ಗಂಡನೂ ಬಡಗಿ. ಕೆಳಗೆ ಮರಗೆಲಸದ ಅಂಗಡಿ, ಅದರ ಮೇಲೆ ಸಭೆ ಸೇರುವ ಹಜಾರ, ಹಿಂಬದಿಗೆ ನಾವಿರುವ ಮನೆ, ಎಲ್ಲಕ್ಕೂ ಮೇಲೆ ತಾರಸಿ. ಎಲ್ಲಿ ಕೈಯಿಟ್ಟರೂ ಮರದ ಹೊಟ್ಟು. ಅನ್ನದ ತಟ್ಟೆಯನ್ನೂ ಒಮ್ಮೆ ಊದಿಯೇ ಮುಂದಿಟ್ಟುಕೊಳ್ಳಬೇಕು.

ನಾನು ಅಲ್ಲೇ ಉಳಿದೆ. ಬೇರೆಲ್ಲಿಗಾದರೂ ಹೋಗಬೇಕೆಂದು ತೋಚಲಿಲ್ಲ. ಬೆಳಿಗ್ಗೆ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದೆ, ಸಂಜೆ ಬಂದು ಹಾಕಿದ್ದನ್ನು ಉಣ್ಣುತ್ತಿದ್ದೆ. ಅಳು ಬರುತ್ತಿರಲಿಲ್ಲ. ಅತ್ತೆಗೆ ಅದೇ ಚಿಂತೆ.

ಒಂದು ದಿನ ಮಾವ ಹೇಳಿದರು, "ನೀನು ಓದಿದ್ದು ಆ ಕಾಲದ ಯೆಹೂದ್ಯರ ಮದುವೆ ಬಗ್ಗೆ ಅಲ್ವಾ ಮಗಳೇ? ನಾಲ್ಕು ಭಾನುವಾರ ಸಭೆಗೆ ಹೇಳು. ಹೀಗೆ ಗೋಡೆ ನೋಡ್ತಾ ಕೂತ್ರೆ ತಲೆಗೂ ಗೆದ್ದಲು ಹತ್ತತ್ತೆ."

ಮಾವ ಸಭೆಯ ಹಿರಿಯರು. ನಲವತ್ತು ಜನರ ಕ್ರೈಸ್ತ ಸಭೆ. ಅವರು ಹೇಳಿದ ಮೇಲೆ ಆಯಿತು ಎಂದೆ.

ಮೊದಲ ಭಾನುವಾರ ನಿಶ್ಚಯದ ಬಗ್ಗೆ ಹೇಳಿದೆ. ವರ ಹುಡುಗಿಯ ಮನೆಗೆ ಬಂದು ದ್ರಾಕ್ಷಾರಸದ ಬಟ್ಟಲು ಮುಂದಿಡುತ್ತಾನೆ. ಅವಳು ಕುಡಿದರೆ ಒಪ್ಪಿದಂತೆ. ಆ ಬಟ್ಟಲಿನಲ್ಲಿ ಕ್ರೈಸ್ತರು ಪ್ರಭುವಿನ ಕೊನೆಯ ಊಟದ ಬಟ್ಟಲನ್ನು ಕಂಡರು. ಎರಡನೆಯ ವಾರ, ಅಗಲಿಕೆ: ವರ ತಂದೆಯ ಮನೆಗೆ ಹಿಂದಿರುಗಿ ಹೆಂಡತಿಗಾಗಿ ಕೋಣೆ ಸಿದ್ಧಮಾಡುತ್ತಾನೆ, ವರುಷ ಹಿಡಿದರೂ ಹಿಡಿಯಿತು. ಮೂರನೆಯ ವಾರ, ಬರವು: ತುತೂರಿ, ಕೂಗು, ದೀಪ ಹಿಡಿದು ಕಾದ ಕನ್ಯೆಯರು, ಎಣ್ಣೆ ಸಾಲದವರು ಹೊರಗುಳಿದದ್ದು. ನಾಲ್ಕನೆಯ ವಾರ, ಮುಚ್ಚಿದ ಬಾಗಿಲು ಮತ್ತು ಏಳು ದಿನದ ಉತ್ಸವ. ಮದಲಿಂಗನೆಂದರೆ ಕ್ರಿಸ್ತ, ಮದಲಗಿತ್ತಿಯೆಂದರೆ ಸಭೆ, ಕೋಣೆಯೆಂದರೆ ಪರಲೋಕ ಎಂದು ಹೊಂದಿಸಿ ಓದುವ ರೂಢಿ ಹಳೆಯದು ಎಂದೆ. ಕೋಣೆ ಮುಗಿಯಿತೆಂದು ವರನ ತಂದೆಯೇ ಹೇಳಬೇಕಿತ್ತೆಂದು ಬೋಧಕರು ಹೇಳುವುದುಂಟು, ಅದಕ್ಕೆ ಗಟ್ಟಿ ಪುರಾವೆ ನನಗೆ ಸಿಕ್ಕಿಲ್ಲ, ಎಂದೂ ಹೇಳಿದೆ.

ಸಭೆಯಲ್ಲಿ ಒಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು ಇದ್ದರು. ನಾಲ್ಕೂ ವಾರ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡರು. ಐದನೆಯ ವಾರ ಹಜಾರದ ಗೋಡೆಯಲ್ಲಿ ದೊಡ್ಡ ಹಾಳೆ ತೂಗುತ್ತಿತ್ತು. ಎಡಗಡೆ ಯೆಹೂದ್ಯರ ಮದುವೆ, ಬಲಗಡೆ ಪ್ರಭು ಮಾಡಲಿರುವುದು, ನಡುವೆ ಕೆಂಪು ಶಾಯಿಯ ಬಾಣಗಳು. ನಾನು ಆಡಿದ "ಬಹುಶಃ"ಗಳು ಒಂದೂ ಇರಲಿಲ್ಲ.

"ಮೇಷ್ಟ್ರೇ, ತಂದೆಯ ವಿಷಯ ಖಚಿತ ಇಲ್ಲ ಅಂದಿದ್ದೆ."

"ಬಹುಶಃ ಅಂತ ಉತ್ತರ ಬರೆದ್ರೆ ನಾನು ಸೊನ್ನೆ ಕೊಡ್ತಿದ್ದೆ ಕಣಮ್ಮಾ," ಎಂದರು ಮೇಷ್ಟ್ರು. ಸುತ್ತ ನಿಂತವರು ನಕ್ಕರು. ಯಾವುದಕ್ಕೂ ಹಟ ಹಿಡಿಯುವ ಶಕ್ತಿ ನನಗಿರಲಿಲ್ಲ.

ಆ ವಾರವೇ ಮಾವ ತಾರಸಿ ಹತ್ತಿದ್ದು.

ತಾರಸಿಯ ಮೇಲೆ ನನ್ನ ಗಂಡ ನಮಗಿಬ್ಬರಿಗೆಂದು ಒಂದು ಕೋಣೆ ಶುರುಮಾಡಿದ್ದ. ನಾಲ್ಕು ಗೋಡೆ ಎದ್ದಿತ್ತು, ಚಾವಣಿ ಇರಲಿಲ್ಲ. ಮಾವ ಚಾವಣಿ ಹಾಕಿಸಿದರು. ಕಿಟಕಿಗೆಂದು ಬಿಟ್ಟಿದ್ದ ಜಾಗವನ್ನು ಇಟ್ಟಿಗೆಯಿಂದ ಮುಚ್ಚಿ, ಮೇಲೆ ಅಂಗೈಯಗಲದ ಗವಾಕ್ಷಿ ಬಿಟ್ಟರು. ಬಾಗಿಲಿಗೇ ಆರು ವಾರ ಹಿಡಿಯಿತು. ತೇಗದ ಹಲಗೆಯ ಮೇಲೆ ಹಲಗೆ, ನಾಲ್ಕು ಬೆರಳು ದಪ್ಪ. ಒಳಗಿನಿಂದ ಹಾಕುವ ಅಡ್ಡಪಟ್ಟಿಯನ್ನು ಎತ್ತಲು ಇಬ್ಬರು ಬೇಕು. ಗಿರಾಕಿಗಳ ಕಪಾಟು, ಮಂಚ ಎಲ್ಲ ಅಂಗಡಿಯಲ್ಲಿ ಅರ್ಧಕ್ಕೇ ನಿಂತವು. ಮಗ ಹೋದ ದುಃಖ, ಕೈಗೆ ಕೆಲಸ ಬೇಕು, ಎಂದು ಜನ ಮಾತಾಡಿಕೊಂಡರು. ನಾನೂ ಹಾಗೇ ಅಂದುಕೊಂಡೆ.

ಒಮ್ಮೆ ಟೀ ತೆಗೆದುಕೊಂಡು ಹೋದಾಗ ಕೇಳಿದೆ. "ಈ ರೂಮು ಯಾರಿಗೆ ಮಾವ?"

"ಮುಗೀಲಿ, ಹೇಳ್ತೀನಿ."

"ಯಾವಾಗ ಮುಗಿಯತ್ತೆ?"

"ಅದನ್ನ ಅಪ್ಪ ಹೇಳಬೇಕು. ನೀನೇ ಹೇಳಿದ್ದಲ್ವಾ?"

"ಪುರಾವೆ ಇಲ್ಲ ಅಂತಾನೂ ಹೇಳಿದ್ದೆ."

ಮಾವ ಕಿವಿಯ ಮೇಲಿನ ಪೆನ್ಸಿಲು ತೆಗೆದು ಹಲಗೆಯ ಮೇಲೆ ಗೆರೆ ಎಳೆದರು. "ಅದನ್ನೇ ಕಟ್ತಾ ಇದೀನಿ," ಎಂದರು.

*

ಅಕ್ಟೋಬರಿನ ಕೊನೆಯ ಭಾನುವಾರ ಮಾವ ಸಭೆಯ ಮುಂದೆ ನಿಂತು ಕೋಣೆ ಮುಗಿಯಿತೆಂದರು. ನಾಳೆ ಬೆಳಿಗ್ಗೆ ಐವರು ಕನ್ಯೆಯರು ದೀಪ ಹಿಡಿದು ಒಳಗೆ ಹೋಗುವರು, ಬಾಗಿಲು ಮುಚ್ಚುವುದು, ಏಳು ದಿನದೊಳಗೆ ಮದಲಿಂಗ ಬರುವನು. ಒಳಗೆ ನೀರು ಮತ್ತು ದೀಪದ ಎಣ್ಣೆ ಬಿಟ್ಟರೆ ಬೇರೇನೂ ಇರದು. ಅವನು ಬರುವಾಗ ನಮ್ಮನ್ನು ಬಿಟ್ಟು ಹೋದವರೂ ಜೊತೆಗೆ ಬರುವರು.

ಕೊನೆಯ ಮಾತು ಹೇಳುವಾಗ ಅವರು ನನ್ನನ್ನೂ ಅತ್ತೆಯನ್ನೂ ನೋಡಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಐದು ಬಿಳಿ ನಿಲುವಂಗಿಗಳನ್ನು ಅವರು ಯಾವಾಗಲೋ ಹೊಲಿದು ಮುಗಿಸಿದ್ದರು. ಮನೆಯಲ್ಲೇ ಇದ್ದೂ ನಾನು ಗಮನಿಸಿರಲಿಲ್ಲ.

ಐವರಲ್ಲಿ ಒಬ್ಬಳು ನನ್ನ ನಾದಿನಿ. ಹತ್ತೊಂಬತ್ತು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಕಾಳು ಎನ್ನುತ್ತಾರೆ. ಮೆಣಸಿನ ಕಾಳಿನಷ್ಟಿದ್ದಳಂತೆ ಹುಟ್ಟಿದಾಗ. ಬಾಯಿ ಈಗಲೂ ಅಷ್ಟೇ ಖಾರ. ಹನ್ನೊಂದನೆಯ ವಯಸ್ಸಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಂದು ದಿನ ತಪ್ಪಿದರೆ ಮಲಗುತ್ತಾಳೆ. ಎರಡು ಮೂರು ದಿನ ತಪ್ಪಿದರೆ ಏನಾಗುವುದೆಂದು ವೈದ್ಯರು ಹೇಳಿದ್ದರು; ಆ ಮಾತನ್ನು ಮನೆಯಲ್ಲಿ ಯಾರೂ ಪೂರ್ತಿ ಆಡುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಹೊಟ್ಟೆಗೆ ಚುಚ್ಚಿಕೊಳ್ಳುವಾಗ ನಾನು ಬಾಗಿಲಲ್ಲಿ ನಿಂತೆ.

"ಏನು, ಸಿನಿಮಾ ನೋಡ್ತಾ ಇದೀಯಾ ಅತ್ತಿಗೆ? ಟಿಕೆಟ್ ತಗೋ."

"ಒಳಗೆ ಏಳು ದಿನ ಹೇಗೆ ಮಾಡ್ತೀಯಾ?"

ಅವಳು ನಿಲುವಂಗಿಯ ಒಳಗೆ ಹೊಲಿದ ಜೇಬು ತೋರಿಸಿದಳು. ಅದರಲ್ಲಿ ಅವಳ ನೀಲಿ ಚೀಲ, ಚೀಲದಲ್ಲಿ ಎರಡು ಇನ್ಸುಲಿನ್ ಪೆನ್ನು. "ಅಪ್ಪಂಗೆ ಹೇಳ್ಬೇಡ. ಉಪವಾಸ ಇರೋದ್ರಿಂದ ಕಮ್ಮಿ ಸಾಕು, ಹಣ್ಣಿನ ಚೂರೂ ಇಟ್ಕೊಂಡಿದೀನಿ. ಪ್ರಭು ಬೈಯಲ್ಲ ಬಿಡು."

"ಹೋಗಲೇಬೇಕಾ?"

"ಅಣ್ಣ ಬಂದಾಗ ಮೊದಲು ನನ್ನನ್ನೇ ನೋಡ್ಬೇಕು. ನೀನು ಹೇಗೂ ಒಳಗೆ ಬರೋ ಹಾಗಿಲ್ಲ. ವಿಧವೆ." ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ನನ್ನ ಕೈ ಹಿಡಿದು ಹಗುರವಾಗಿ ಎಳೆದಳು. "ನಿನ್ನನ್ನ ಕರ್ಕೊಂಡು ಹೋಗೋಕೆ ಅವನೇ ಕೆಳಗೆ ಇಳಿದು ಬರ್ತಾನೆ. ನಾನು ಕಳಿಸ್ತೀನಿ."

ಪೆನ್ನು ನೋಡಿದ್ದರಿಂದ ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಐವರೂ ಮೆಟ್ಟಿಲು ಹತ್ತಿದರು. ಸಭೆ ಹಾಡುತ್ತಿತ್ತು. ಒಳಗಿನಿಂದ ಅಡ್ಡಪಟ್ಟಿ ಬಿದ್ದ ಸದ್ದಿಗೆ ಹಾಡು ಒಮ್ಮೆ ನಿಂತು ಮತ್ತೆ ಶುರುವಾಯಿತು. ಮಾವ ಬಾಗಿಲ ಮುಂದೆ ಸ್ಟೂಲು ಹಾಕಿ ಕೂತರು. ಮದಲಿಂಗನ ಗೆಳೆಯ ಬಾಗಿಲ ಹೊರಗೆ ನಿಂತು ಅವನ ದನಿಗೆ ಕಾಯುತ್ತಾನೆಂದು ನಾನು ಹೇಳಿದ್ದು ಅವರ ಮನಸ್ಸಿನಲ್ಲಿತ್ತು. ಅವರು ಮೂರು ಸಲ ತಟ್ಟದೆ ಒಳಗಿನವರು ತೆಗೆಯುವಂತಿಲ್ಲ.

ಮಂಗಳವಾರ ಗ್ರಂಥಾಲಯಕ್ಕೆ ಹೋಗಿಬಂದೆ. ತಾರಸಿಯಲ್ಲಿ ಜನ ಹೆಚ್ಚಿದ್ದರು. ಒಳಗಿನಿಂದ ಹಾಡು ಕೇಳಿಸುತ್ತಿತ್ತು. ಕಾಳುವಿನ ದನಿ ಅದರಲ್ಲಿ ಇತ್ತೋ ಇಲ್ಲವೋ, ನಾನು ನಿಂತು ಕೇಳಲಿಲ್ಲ.

*

ಬುಧವಾರ ಬೆಳಿಗ್ಗೆ ಬಟ್ಟೆ ಒಗೆಯಲು ಹಾಕುವಾಗ ಕಾಳುವಿನ ಹಳೆಯ ಚೂಡಿದಾರದ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ನೀಲಿ ಚೀಲ. ಎರಡೂ ಪೆನ್ನು ಅದರಲ್ಲೇ ಇದ್ದವು.

ಅತ್ತೆ ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ಹೊಲಿಯುತ್ತಿರಲಿಲ್ಲ. ಚೀಲ ತೋರಿಸಿದೆ.

"ನಂಗೊತ್ತು," ಎಂದರು ಅತ್ತೆ.

"ಗೊತ್ತಿತ್ತಾ?"

"ಅಂಗಿ ಹಾಕ್ಕೊಳ್ಳುವಾಗ ತೆಗೆದು ಇಟ್ಲು. ಸೂಜಿ ಅಂದ್ರೆ ಬೇರೆಯವರ ಎಣ್ಣೆಯಂತೆ, ತನ್ನದೇ ಇರ್ಬೇಕಂತೆ. ಪ್ರಭು ಬಂದು ಮುಟ್ಟಿದ್ರೆ ಇನ್ಮೇಲೆ ಸೂಜಿ ಬೇಡ ಅಂದ್ಲು." ಅತ್ತೆ ಮಿಷನ್ನಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. "ನನ್ನ ಎರಡೂ ಮಕ್ಕಳು ಒಂದೇ ದಿನ ಮನೆಗೆ ಬರ್ತಾರೆ ಅಂತ ಅಂದ್ಕೊಂಡೆ ಕಣೇ."

ಠಾಣೆಗೆ ಫೋನ್ ಮಾಡಿದೆ. ವಯಸ್ಸು ಕೇಳಿದರು, ಹೇಳಿದೆ. ಸ್ವಂತ ಇಷ್ಟದಿಂದ ಹೋದಳಾ ಎಂದರು, ಹೌದು ಎಂದೆ. ಸಂಜೆ ಯಾರನ್ನಾದರೂ ಕಳಿಸುವುದಾಗಿ ಹೇಳಿದರು. ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಅವರು ಅರ್ಧ ಗಂಟೆಯಲ್ಲಿ ಬೀದಿಯ ತುದಿಗೆ ಬರುವುದಾಗಿ ಹೇಳಿದರು. ರೋಗಿಯನ್ನು ಕೆಳಗೆ ತನ್ನಿ ಎಂದರು. ಗಂಟೆ ಹತ್ತಾಗಿತ್ತು.

ತಾರಸಿಯಲ್ಲಿ ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕೂತಿದ್ದರು. ಒಳಗೆ ಹಾಡು ನಿಂತಿತ್ತು. ನಾನು ನೇರ ಬಾಗಿಲ ಬಳಿ ಹೋಗಿ ನೆಲಕ್ಕೆ ಮುಖವಿಟ್ಟೆ. ಕೆಳಗಿನ ಸಂದಿಯಿಂದ ದೀಪದ ಹೊಗೆ, ಬೆವರು, ಅವುಗಳ ನಡುವೆ ಇನ್ನೊಂದು ವಾಸನೆ: ಮುಚ್ಚಿಟ್ಟ ಡಬ್ಬಿಯಲ್ಲಿ ಹಣ್ಣು ಕೊಳೆತಂಥದ್ದು. ಆ ವಾಸನೆ ನನಗೆ ಗೊತ್ತು. ಎರಡು ವರ್ಷದ ಹಿಂದೆ ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ ಅವಳ ಉಸಿರಿನಲ್ಲಿ ಬಂದದ್ದು. ಕಿವಿಯಿಟ್ಟೆ. ಯಾರೋ ಓಡಿ ಬಂದವರಂತೆ ಉಸಿರಾಡುತ್ತಿದ್ದರು. ನಿಲ್ಲಿಸದೆ.

ಎದ್ದು ಮಾವನ ಕೈಗೆ ಚೀಲ ಕೊಟ್ಟೆ. "ಅವಳು ಇದನ್ನ ತಗೊಂಡು ಹೋಗಿಲ್ಲ. ಬಾಗಿಲು ತೆಗೆಸಿ."

ಮಾವ ಚೀಲವನ್ನು ನೋಡಿದರು. ಅವರ ಬೆರಳುಗಳಿಗೆ ಎಲ್ಲ ಗೊತ್ತಿತ್ತು. ಮಗಳು ಚಿಕ್ಕವಳಿದ್ದಾಗ ಎರಡು ವರ್ಷ ಅವರೇ ಚುಚ್ಚಿದ್ದರು.

"ಮುಚ್ಚಿದ ಬಾಗಿಲು," ಎಂದರು.

"ಅವಳು ಸಾಯ್ತಾಳೆ ಮಾವ."

"ನಾನು ತೆಗೆಯೋ ಹಾಗಿಲ್ಲ." ದನಿ ತಗ್ಗಿತು, ನನಗಷ್ಟೇ ಕೇಳುವಂತೆ. "ನಾನು ತೆಗೆದ್ರೆ ಇದೊಂದು ಬರೀ ರೂಮು. ಆಗ ಅವನು ಸತ್ತದ್ದು ಬರೀ ಸತ್ತದ್ದು. ಸರಪಳಿ ಕಳಚಿತು, ಸತ್ತ. ಅಷ್ಟೇ ಆಗಿಬಿಡತ್ತೆ. ನಿಂಗೆ ಅರ್ಥ ಆಗ್ತಿದೆಯಾ?"

ಅರ್ಥವಾಯಿತು. ಹನ್ನೊಂದು ತಿಂಗಳಿನಿಂದ ನನಗೆ ಅದು ಅಷ್ಟೇ ಆಗಿತ್ತು.

ಅವರು ಚೀಲವನ್ನು ಬಿಡದೆ ಹಿಡಿದಿದ್ದರು. ಆ ಹಿಡಿತ ನೋಡಿ ನನಗೆ ಗೊತ್ತಾಯಿತು: ಬಾಗಿಲು ತೆಗೆಯಲು ಅವರಿಗೆ ಮನಸ್ಸಿದೆ, ದಾರಿ ಇಲ್ಲ.

ನಾನು ಹಿಂದಕ್ಕೆ ಸರಿದು, ಎಲ್ಲರಿಗೂ ಕೇಳುವಂತೆ ಹೇಳಿದೆ. "ಇವತ್ತು ಮೂರನೆಯ ದಿನ. ಮನೆಯ ವಿಧವೆ ಒಳಗೆ ಹೋಗ್ಬೇಕು."

ಚಾಪೆಯ ಮೇಲಿನವರು ತಲೆಯೆತ್ತಿದರು.

"ಹಾಗೊಂದು ಪದ್ಧತಿ ಇತ್ತು," ಎಂದೆ. "ಮೂರನೆಯ ದಿನ ಆ ಮನೆಯ ವಿಧವೆ ಒಬ್ಬಳೇ ಕೋಣೆಗೆ ಹೋಗಿ ಮದಲಗಿತ್ತಿಯರ ಕೈ ಮುಟ್ಟಿ ನೋಡ್ತಾಳೆ. ಕೈ ತಣ್ಣಗಿರೋಳು ಇನ್ನೂ ಸಿದ್ಧವಾಗಿಲ್ಲ ಅಂತ ಅರ್ಥ. ಅವಳನ್ನ ಹೊರಗೆ ಕರ್ಕೊಂಡು ಬರ್ಬೇಕು. ಇಲ್ಲದಿದ್ರೆ ಮದುವೆ ನಿಲ್ಲತ್ತೆ."

ಇಷ್ಟನ್ನೂ ನಿಂತ ನಿಲುವಿನಲ್ಲಿ ಕಟ್ಟಿದ್ದು. ನನ್ನ ದನಿ ಉಪನ್ಯಾಸದಲ್ಲಿದ್ದಂತೆಯೇ ಇತ್ತು. ಅದಕ್ಕೆ ನನಗೇ ಆಶ್ಚರ್ಯವಾಯಿತು.

ಲೆಕ್ಕದ ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ಇದು ಹಾಳೆಯಲ್ಲಿ ಇಲ್ವಲ್ಲಮ್ಮಾ. ಎಲ್ಲಿದೆ? ಯಾವುದರಲ್ಲಿ?"

"ಒಂದು ಹಳೆಯ ವಿವಾಹ ಒಪ್ಪಂದದ ಅಂಚಿನಲ್ಲಿ ಬರೆದದ್ದು. ಒಂದೇ ಪ್ರತಿ ಉಳಿದಿದೆ. ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಉಲ್ಲೇಖ ಮಾಡಿದೀನಿ."

"ಆಗ ಯಾಕೆ ಹೇಳ್ಲಿಲ್ಲ?"

"ನಾನು ವಿಧವೆಯಾಗಿ ಐದು ತಿಂಗಳಾಗಿತ್ತು ಮೇಷ್ಟ್ರೇ. ನಾಲಿಗೆ ಬರಲಿಲ್ಲ."

ಹೆಂಗಸೊಬ್ಬರು ಲೊಚಗುಟ್ಟಿದರು. ಮೇಷ್ಟ್ರು ತಲೆಯಾಡಿಸಿದರು, ಆದರೂ ಪೂರ್ತಿ ಬಿಡಲಿಲ್ಲ. "ಸರಿ, ಪ್ರಾರ್ಥನೆ ಮಾಡಿ ತೀರ್ಮಾನ ಮಾಡೋಣ. ನಾಳೆ ಬೆಳಿಗ್ಗೆ ಎಲ್ಲರೂ ಸೇರಿದಾಗ..."

"ಮೂರನೆಯ ದಿನ ಮಾತ್ರ," ಎಂದೆ. "ಆಮೇಲೆ ಬಾಗಿಲು ಮುಟ್ಟೋ ಹಾಗಿಲ್ಲ. ಯಾರೂ. ಏನೇ ಆದರೂ."

ಆ ಮಾತು ಹೇಗೆ ಬಂತೋ ಬಂತು. ಅವರು ನಾಳೆಗೆ ತಳ್ಳದಂತೆ ತಡೆಯುವುದಷ್ಟೇ ನನಗೆ ಬೇಕಿತ್ತು.

"ಮೂರನೆಯ ದಿನ," ಎಂದು ಮಾವ ತಮ್ಮಷ್ಟಕ್ಕೆ ಹೇಳಿಕೊಂಡರು. ಪ್ರಭು ಸತ್ತು ಮತ್ತೆ ಎದ್ದ ದಿನ. ಅವರ ಮುಖದಲ್ಲಿ ಏನೋ ಸಡಿಲವಾಯಿತು. ಅವರು ನಂಬಿದರೋ, ನಂಬಲು ಒಪ್ಪಿಕೊಂಡರೋ, ಇವತ್ತಿಗೂ ನನಗೆ ತಿಳಿಯದು. ಎದ್ದು ಬಾಗಿಲಿಗೆ ಮೂರು ಸಲ ತಟ್ಟಿದರು.

ಒಳಗೆ ಪಿಸುಮಾತು. ಆಮೇಲೆ ಅಡ್ಡಪಟ್ಟಿ ಏಳುವ ಸದ್ದು. ಒಮ್ಮೆ ಜಾರಿ ಬಿತ್ತು, ಮತ್ತೆ ಎದ್ದಿತು.

ನಾನೊಬ್ಬಳೇ ಒಳಗೆ ಹೋದೆ. ಐದು ದೀಪಗಳಲ್ಲಿ ಎರಡು ಉರಿಯುತ್ತಿದ್ದವು. ನಾಲ್ವರು ಹುಡುಗಿಯರು ಒಂದು ಮೂಲೆಗೆ ಒತ್ತಿ ಕೂತಿದ್ದರು, ಕಾಳುವಿನಿಂದ ಆದಷ್ಟು ದೂರ. ಅವಳು ಗೋಡೆಯ ಬದಿಗೆ ಮಲಗಿದ್ದಳು. ಬಿಳಿ ಅಂಗಿಯ ಮೇಲೆ ವಾಂತಿ ಒಣಗಿತ್ತು.

"ನಿನ್ನೆಯಿಂದ ನೀರು ನೀರು ಅಂತಿದ್ಲು ಅಕ್ಕಾ," ಎಂದಳು ಒಬ್ಬಳು. "ನಮ್ಮದೆಲ್ಲಾ ಕೊಟ್ವಿ. ಈಗ ಕರೆದ್ರೆ ಮಾತಾಡ್ತಿಲ್ಲ."

"ನೀವೂ ಬನ್ನಿ. ಬಾಗಿಲು ತೆರೆದಿದೆ."

ಅವರು ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತ ಮೇಷ್ಟ್ರನ್ನು ನೋಡಿದರು. ಯಾರೂ ಏಳಲಿಲ್ಲ.

ಕಾಳುವಿನ ಕೈ ಹಿಡಿದೆ. ಒಣಗಿದ ಕೈ, ಬಿಸಿಲಿಗೆ ಇಟ್ಟ ಸೌದೆಯಂತೆ ಬಿಸಿ.

"ತಣ್ಣಗಿದೆ," ಎಂದು ಹೊರಗೆ ಕೂಗಿದೆ.

ಮಾವನೇ ಒಳಗೆ ಬಂದು ಅವಳನ್ನು ಎತ್ತಿಕೊಂಡರು. ನಾವು ಮೆಟ್ಟಿಲು ಇಳಿಯುವಾಗ ಹಿಂದೆ ಅಡ್ಡಪಟ್ಟಿ ಮತ್ತೆ ಬಿತ್ತು.

*

ಕಾಳು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ಎರಡು ದಿನ ಯಾವ ಮಾತೂ ಹೇಳಲಾಗದು ಎಂದರು ವೈದ್ಯರು. ಮೂರನೆಯ ದಿನ ಕಣ್ಣು ಬಿಟ್ಟಳು.

ಕೋಣೆಯಲ್ಲಿದ್ದ ನಾಲ್ವರು ಏಳು ದಿನ ಮುಗಿಸಿ ಗೋಡೆ ಹಿಡಿದುಕೊಂಡು ಹೊರಬಂದರಂತೆ. ಯಾರೂ ಬಂದಿರಲಿಲ್ಲ. ಸಭೆ ಒಡೆಯುತ್ತದೆಂದುಕೊಂಡೆ. ಒಡೆಯಲಿಲ್ಲ. ತಂದೆ ಇನ್ನೂ ಹೇಳಿಲ್ಲ, ನಾನು ಆತುರಪಟ್ಟೆ, ಎಂದು ಮಾವ ಎಲ್ಲರ ಮುಂದೆ ಅತ್ತರಂತೆ. ಆಮೇಲೆ ಕಣ್ಣೊರೆಸಿಕೊಂಡು, ಆದರೂ ನೋಡಿ, ಪದ್ಧತಿಯಂತೆ ನಡೆದದ್ದಕ್ಕೆ ಒಂದು ಜೀವ ಉಳಿಯಿತು, ಎಂದರಂತೆ. ಇದನ್ನೆಲ್ಲ ಅತ್ತೆ ಆಸ್ಪತ್ರೆಯಲ್ಲಿ ಕಿತ್ತಳೆ ಸುಲಿಯುತ್ತ ಹೇಳಿದರು. ಅವರ ದನಿಯಲ್ಲಿ ಹೆಮ್ಮೆ ಇತ್ತು.

ಮನೆಗೆ ಹೊರಡುವ ಹಿಂದಿನ ದಿನ ಕಾಳು ಕೇಳಿದಳು. "ಅತ್ತಿಗೆ, ಅದು ನಿಜವಾಗ್ಲೂ ಇತ್ತಾ? ವಿಧವೆ ಬರೋದು, ಕೈ ಮುಟ್ಟೋದು?"

"ಯಾಕೆ?"

"ಇದ್ರೆ ಸರಿ. ನಾನು ಸಿದ್ಧ ಇರಲಿಲ್ಲ, ಪ್ರಭುನೇ ಹೊರಗೆ ಕಳಿಸಿದ ಅಂತಾಯ್ತು. ಈ ಸೂಜಿ ಚುಚ್ಕೊಂಡು ಕಾಯ್ತೀನಿ." ಅವಳು ಚಾವಣಿ ನೋಡುತ್ತಿದ್ದಳು. ಮುಖದಲ್ಲಿ ಮೂಗೊಂದೇ ಉಳಿದಂತಿತ್ತು. "ಇಲ್ದಿದ್ರೆ ನಾನು ಸಾವಿಗೆ ಹೆದರಿ ಓಡಿ ಬಂದ ಹಾಗೆ. ಹಾಗಾದ್ರೆ ಮತ್ತೆ ಒಳಗೆ ಹೋಗ್ಬೇಕು. ಸುಳ್ಳು ಹೇಳ್ಬೇಡ."

"ಇತ್ತು," ಎಂದೆ.

"ಆಣೆ?"

"ಆಣೆ."

ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ತೋಳು ಚಾಚಿದಳು; ನರ್ಸ್ ಬಂದು ಚುಚ್ಚಿ ಹೋದಳು.

ಲೆಕ್ಕದ ಮೇಷ್ಟ್ರು ಹಾಳೆಗೆ ಹೊಸ ಸಾಲು ಸೇರಿಸಿ, ಅದನ್ನು ಅಚ್ಚುಹಾಕಿಸಿ, ಬೇರೆ ಊರುಗಳ ಸಭೆಗಳಿಗೆ ಕಳಿಸಿದ್ದಾರೆಂದು ನನಗೆ ಗೊತ್ತಾದದ್ದು ಡಿಸೆಂಬರಿನಲ್ಲಿ. ಮೂರನೆಯ ದಿನ ಮಾತ್ರ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ತಪ್ಪು ಎಂದು ಹೇಳಬೇಕೆಂದು ಹೋದೆ. ಹಜಾರದಲ್ಲಿ ಕಾಳು ಕೂತು ಅದೇ ಹಾಳೆಗಳನ್ನು ಮಡಿಸಿ ಲಕೋಟೆಗೆ ಹಾಕುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ನಾನು ಹಿಂದಿರುಗಿದೆ.

*

ಜನವರಿಯ ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರು ಹೆಂಗಸರು ಬಂದರು. ಒಬ್ಬರಿಗೆ ಐವತ್ತರ ಆಸುಪಾಸು, ಇನ್ನೊಬ್ಬರು ಅವರ ತಂಗಿ. ಬಸ್ಸಿನ ಧೂಳು ಹುಬ್ಬಿನವರೆಗೆ. ಕೂರಿ ಎಂದರೆ ಕೂರಲಿಲ್ಲ.

"ವಿಧವೆಯಮ್ಮ ನೀವೇನಾ?" ಎಂದರು ದೊಡ್ಡವರು. ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿರಲಿಲ್ಲ.

ಅವರ ಊರಿನ ಸಭೆಯಲ್ಲೂ ಒಂದು ಕೋಣೆ ಕಟ್ಟಿದ್ದಾರೆ. ಮುಚ್ಚಿ ಇವತ್ತಿಗೆ ಐದು ದಿನ. ಒಳಗಿರುವವರಲ್ಲಿ ಇವರ ಮಗಳೊಬ್ಬಳು. ಅವಳಿಗೆ ಮೂರ್ಛೆ ರೋಗ, ಮಾತ್ರೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಾಳೆ.

"ಮೂರನೇ ದಿನ ಇವಳೇ ಒಳಗೆ ಹೋಗಿ ಕೈ ಮುಟ್ಟಿ ಬಂದಳು," ಎಂದು ತಂಗಿಯನ್ನು ತೋರಿಸಿದರು. ತಂಗಿ ವಿಧವೆ. "ಎಲ್ಲರ ಕೈಯೂ ಬೆಚ್ಚಗಿತ್ತು."

"ಬೆಚ್ಚಗೇ ಇತ್ತು," ಎಂದರು ತಂಗಿ. "ಪ್ರಭುವಿನಾಣೆ ಬೆಚ್ಚಗಿತ್ತು."

"ನಿನ್ನೆಯಿಂದ ಬೀಳ್ತಾ ಇದಾಳೆ. ತಲೆ ಗೋಡೆಗೆ ಹೊಡೆಯೋ ಸದ್ದು ಹೊರಗೆ ಕೇಳತ್ತೆ. ನಮ್ಮ ಹಿರಿಯರು ನಿಮ್ಮ ಹಾಳೆ ತೋರಿಸ್ತಾರೆ. ಮೂರನೆಯ ದಿನ ಮಾತ್ರ, ಆಮೇಲೆ ಏನೇ ಆದರೂ ಮುಟ್ಟೋ ಹಾಗಿಲ್ಲ."

"ಪೊಲೀಸರು?"

"ಠಾಣೆಯವರೂ ನಮ್ಮ ಸಭೆಯವರೇ. ಚಾಪೆ ಹಾಕ್ಕೊಂಡು ಅಲ್ಲೇ ಕೂತಿದಾರೆ."

ಒಳಗಿನ ಕೋಣೆಯಲ್ಲಿ ಕಾಳು ಇದ್ದಳು. ನಡುವಿನ ಬಾಗಿಲು ಅರ್ಧ ತೆರೆದಿತ್ತು. ನಾನು ದನಿ ತಗ್ಗಿಸಿ ಹೇಳಿದೆ, "ಅಮ್ಮಾ, ಅದು ಸುಳ್ಳು. ಅಂಥ ಪದ್ಧತಿ ಯಾವತ್ತೂ ಇರಲಿಲ್ಲ. ನಾನೇ ಕಟ್ಟಿದ್ದು."

ಬಾಯಿಂದ ಬಂದಾಗ ಹಗುರವಾಗುತ್ತದೆ ಎಂದುಕೊಂಡಿದ್ದೆ.

ಅವರು ಹೆದರಿದವರಂತೆ ನನ್ನ ಮೊಣಕೈ ಹಿಡಿದರು. "ಹಾಗನ್ಬೇಡಿ ತಾಯೀ. ಹಾಗಂತ ನಾನು ಹೋಗಿ ಹೇಳಿದ್ರೆ, ಹೆತ್ತ ಕರುಳು ಬೊಗಳತ್ತೆ ಅಂತಾರೆ. ತೆಗೆಯೋದೇ ಇಲ್ಲ. ಬೇರೆ ಏನಾದ್ರೂ ಇದ್ರೆ ಹೇಳಿ. ನಾಲ್ಕನೇದೋ ಐದನೇದೋ. ನೀವು ಓದಿದೋರು, ಎಲ್ಲೋ ಇದ್ದೇ ಇರತ್ತೆ."

"ನಾನೇ ಬರ್ತೀನಿ."

"ಬಾಯಲ್ಲಿ ಹೇಳಿದ್ದು ನಡಿಯಲ್ಲಮ್ಮಾ. ಹಾಳೆ ಬೇಕು ಅಂತಾರೆ. ನಿಮ್ಮ ಕೈಯಲ್ಲಿ ಬರೆದದ್ದು."

ನಾನು ತಿರುಗುವಷ್ಟರಲ್ಲಿ ಕಾಳು ಬಂದು ಪಕ್ಕದಲ್ಲಿ ನಿಂತಿದ್ದಳು. ಕೈಯಲ್ಲಿ ಬಿಳಿ ಹಾಳೆ, ಪೆನ್ನು. ಎಷ್ಟು ಕೇಳಿಸಿಕೊಂಡಿದ್ದಳೋ ಅವಳ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಹೊಟ್ಟು ಸವರಿದಳು. ಒಳಗೆ ಹಿಂದಿರುಗಲಿಲ್ಲ. ಅಲ್ಲೇ ನಿಂತಳು.

ಅವಳು ನೋಡುತ್ತಿರುವಂತೆ ನಾನು ಬರೆದೆ. ಐದನೆಯ ದಿನ ಮದಲಗಿತ್ತಿಯ ತಾಯಿ ಬಾಗಿಲು ತಟ್ಟಬೇಕು. ತಟ್ಟಿದರೆ ಒಳಗಿನವರು ತೆಗೆಯಲೇಬೇಕು. ತಾಯಿ ತನ್ನ ಮಗಳನ್ನು ಕರೆದುಕೊಂಡು ಹೋಗಬಹುದು. ಯಾವ ಗ್ರಂಥ, ಯಾವ ಅಂಚು, ಯಾವ ಪ್ರತಿ, ಎಲ್ಲವನ್ನೂ ಬರೆದೆ. ಕೆಳಗೆ ನನ್ನ ಪದವಿ ಬರೆದು ಸಹಿ ಮಾಡಿದೆ.

ಆ ತಾಯಿ ಬೆರಳಿಟ್ಟು ಓದಿದರು. "ಐದನೆಯ ದಿನ ಅಂದ್ರೆ ಇವತ್ತೇ."

"ಹೌದು. ಬಸ್ಸಿನಲ್ಲಿ ಎಷ್ಟು ಹೊತ್ತು?"

"ಐದು ಗಂಟೆ. ಬಸ್ಸು ಎರಡೂವರೆಗೆ." ಅವರು ಕಿಟಕಿಯ ಬಿಸಿಲು ನೋಡಿದರು. "ಆದ್ರೆ ಸೂರ್ಯ ಮುಳುಗಿದ್ರೆ ಮುಂದಿನ ದಿನ ಅಲ್ವಾ? ಹಾಳೆಯಲ್ಲಿ ಹಾಗೇ ಇದೆ. ಯೆಹೂದ್ಯರ ದಿನ ಸಂಜೆಗೇ ಶುರು."

ಅದನ್ನು ಮೊದಲ ಭಾನುವಾರ ನಾನೇ ಹೇಳಿದ್ದೆ. ಅದು ನಿಜ.

ಐದನ್ನು ಹೊಡೆದು ಆರು ಮಾಡಿದರೆ ತಿದ್ದಿದ ಹಾಳೆಯೆಂದು ಅನುಮಾನ ಪಡುತ್ತಾರೆ. ಇನ್ನೊಂದು ಹಾಳೆ ಕೇಳುವ ಮೊದಲೇ ಕಾಳು ತಂದುಕೊಟ್ಟಳು. ಮತ್ತೆ ಮೊದಲಿನಿಂದ ಬರೆದೆ. ಆರನೆಯ ದಿನ ಶುರುವಾಗುತ್ತಲೇ, ಸೂರ್ಯ ಮುಳುಗಿದ ಮೇಲೆ. ತಾಯಿ ಹಾಳೆಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ನನ್ನ ಪಾದ ಮುಟ್ಟಲು ಬಗ್ಗಿದರು. ತಂಗಿ ಅವರನ್ನು ಎಳೆದುಕೊಂಡು ಹೋದರು.

ಕಿಟಕಿಯಿಂದ ನೋಡಿದೆ. ಇಬ್ಬರೂ ಬೀದಿಯುದ್ದಕ್ಕೂ ಓಡಿದರು. ಬೀದಿಯ ತುದಿಯ ನಿಲ್ದಾಣದಲ್ಲಿ ನಾಲ್ಕೈದು ಜನ ಸುಮ್ಮನೆ ನಿಂತಿದ್ದರು. ಬಸ್ಸು ಇನ್ನೂ ಬಂದಿರಲಿಲ್ಲ.